ಕೋಟಿ ಏರಿತು, ಕ್ವಿಂಟಲ್ ಏರಿತೇ?

ಕಲಬುರಗಿಯ ಬೇಳೆ ಮಿಲ್ ಮಾಲೀಕರೊಬ್ಬರು ಬರೆದಿದ್ದಾರೆ: “ಹೋದ ವರ್ಷ 2 ಕೋಟಿ 10 ಲಕ್ಷ ಇದ್ದ ವಹಿವಾಟು ಈ ವರ್ಷ 3 ಕೋಟಿ ಆಯಿತು. ಮಾರಿದ್ದು ಎರಡೂ ವರ್ಷ ಸುಮಾರು 3,000 ಕ್ವಿಂಟಲ್ ಬೇಳೆ. ಐದು ವರ್ಷದಲ್ಲಿ 10 ಕೋಟಿ ಮಾಡೋಣ ಅಂತಾನೆ ಮಗ. ನನಗೋ ನಿದ್ದೆ ಇಲ್ಲ. ನಾನು ಗೆದ್ದೆನೋ ಸೋತೆನೋ?”

ಸಾವ್ಕಾರ್ರೇ, ಶರಣಾರ್ಥಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕ್ವಿಂಟಲ್‌ಗೆ 7,000 ಇದ್ದ ಬೇಳೆ 10,000ಕ್ಕೆ ಹೋಯಿತು, ಅಷ್ಟೇ. ಮಿಲ್ ಬೆಳೆದಿಲ್ಲ, ರೇಟು ಬೆಳೆದಿದೆ! ತೊಗರಿಯನ್ನೂ ನೀವು ತುಟ್ಟಿಗೇ ಕೊಂಡಿರುತ್ತೀರಿ, ಅದಕ್ಕೆ ಬ್ಯಾಂಕಿನ ಸಿಸಿ ಸಾಲ (ವ್ಯಾಪಾರ ನಡೆಸಲು ಬೇಕಾದಾಗ ತೆಗೆಯುವ ಸಾಲ) ಜಾಸ್ತಿ ಎತ್ತಿರುತ್ತೀರಿ, ಉದ್ರಿ ಒಯ್ದವರು ಅದೇ ಚೀಲಕ್ಕೆ ಮೊದಲಿಗಿಂತ ಹೆಚ್ಚು ಬಾಕಿ ಉಳಿಸಿಕೊಂಡಿರುತ್ತಾರೆ, ಬಡ್ಡಿ ಮಾತ್ರ ತಪ್ಪದೆ ಓಡುತ್ತಿರುತ್ತದೆ. ನಿದ್ದೆ ಎಲ್ಲಿಂದ ಬರಬೇಕು?

ಇನ್ನು ಆ 10 ಕೋಟಿ. ಮಗನ ಹುರುಪಿಗೆ ನನ್ನ ತಕರಾರಿಲ್ಲ. ಆದರೆ ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ತೊಗರಿ ಹಡಗು ಬಂತೆಂದರೆ ನಮ್ಮ ಗಂಜ್ ಮಾರುಕಟ್ಟೆಯಲ್ಲಿ ರೇಟು ಕುಸಿಯುತ್ತದೆ, ಅಲ್ವಾ? ಕೈಯಲ್ಲಿಲ್ಲದ ರೇಟಿನ ಮೇಲೆ ಕಟ್ಟಿದ ಲೆಕ್ಕವನ್ನು ಗುರಿ ಅನ್ನಲು ನನಗೆ ಮನಸ್ಸಿಲ್ಲ, ಅದು ಓಸಿ ಜೂಜಾಟಕ್ಕೆ ಹತ್ತಿರ. (ಬೈಕೋಬೇಡಿ.)

ನಿಮ್ಮ ಕೈಯಲ್ಲಿರುವುದನ್ನು ಎಣಿಸಿ. ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಕಿಲೋ ಬೇಳೆ ಬಿತ್ತು, ಎಷ್ಟು ಚುನ್ನಿಗೆ (ನುಚ್ಚು, ಹೊಟ್ಟಿಗೆ) ಹೋಯಿತು? ಉದ್ರಿ ಎಷ್ಟು ದಿನಕ್ಕೆ ವಾಪಸ್ಸಾಗುತ್ತಿದೆ? ಐದು ವರ್ಷದ ಹಿಂದಿನ ಹಮಾಲರಲ್ಲಿ ಎಷ್ಟು ಮಂದಿ ಇನ್ನೂ ನಿಮ್ಮಲ್ಲಿದ್ದಾರೆ? ಅಂಗಳದಲ್ಲಿ ಚೀಲ ಇಳಿಸಿ ತೂಕ ನೋಡದೆ ಚಹಾ ಕುಡಿಯುತ್ತ ಕೂರುವ ರೈತರು ಎಷ್ಟು? ನನಗೆ ಕೇಳಿದರೆ, ನಿಮ್ಮ ದೊಡ್ಡ ಆಸ್ತಿ ಈ ಕೊನೆಯವರೇ. ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇವರು ಕಾಣುವುದಿಲ್ಲ.

ದೂರದ ಯೋಚನೆಯೂ ಅಲ್ಲಿಂದಲೇ ಹೊರಡಬೇಕು. 2022ರಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು, ನೆನಪಿದೆಯಲ್ಲ. ಹೊಲ ಒಣಗಿದ ಮೇಲೆ ಎಂಥಾ ಹೊಸ ಮಷೀನ್ ಇದ್ದರೇನು? ವರ್ಷಾ ವರ್ಷ ಅದೇ ಹೊಲಕ್ಕೆ ತೊಗರಿ ಹಾಕದೆ ನಡುವೆ ಜೋಳ ಬಿತ್ತಿದರೆ ಆ ರೋಗ ತಗ್ಗುತ್ತದೆ. ಆದರೆ ಒಂದು ವರ್ಷ ತೊಗರಿ ಬಿಡಲು ರೈತನಿಗೆ ಧೈರ್ಯ ಬೇಕು. ‘ಮುಂದಿನ ವರ್ಷ ನಿನ್ನ ತೊಗರಿ ನಾನೇ ಕೊಳ್ತೀನಿ’ ಎಂದು ಆ ಧೈರ್ಯ ಕೊಡಬಲ್ಲವರು ನೀವು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು, ಅಂದರೆ ಈ ಸೀಮೆಯ ಬೇಳೆಗಷ್ಟೇ ಆ ಹೆಸರು ಎಂಬ ಸರ್ಕಾರಿ ಮುದ್ರೆ. ಹೊರಗಿನ ಮಾಲು ಬೆರೆಸದೆ ಆ ಹೆಸರಿನಲ್ಲಿ ನೂರೇ ಕ್ವಿಂಟಲ್ ಮಾರಿ ನೋಡಲಿ ನಿಮ್ಮ ಮಗ. ಅವನ ಓದು ಕೆಲಸಕ್ಕೆ ಬರುವುದು ಅಲ್ಲಿ.

ಮುಂದಿನ ಪತ್ರದಲ್ಲಿ ಕೋಟಿ ಲೆಕ್ಕ ಬೇಡ. ಎಷ್ಟು ರೈತರು ಮತ್ತೆ ಬಂದರು, ಅದನ್ನು ಬರೆಯಿರಿ.

– ಸಂಪಾದಕ