ಗುಡ್ಡ ಕುಸಿದು ವರ್ಷಗಳಾದವು, ಅತ್ತೆಗೆ ಇನ್ನೂ ನಿದ್ದೆಯಿಲ್ಲ

ಓದುಗರ ಪತ್ರ (ಸಂಕ್ಷಿಪ್ತವಾಗಿ): 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆ, ತೋಟ ಎರಡೂ ಹೋದವು. ನಾವು ಹೇಗೋ ಪಾರಾದೆವು. ಪಕ್ಕದ ಮನೆಯ ಅಕ್ಕ ಉಳಿಯಲಿಲ್ಲ. ಈಗ ಹೊಸ ಮನೆಯಲ್ಲಿದ್ದೇವೆ. ಆದರೂ ಮಳೆ ಜೋರಾದರೆ ನಮ್ಮ ಅತ್ತೆ ರಾತ್ರಿಯಿಡೀ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕಾಲ ಬಳಿ ಒಂದು ಬ್ಯಾಗು. ಅದರಲ್ಲಿ ಆಧಾರ್ ಕಾರ್ಡು, ಆರ್‌ಟಿಸಿ, ಟಾರ್ಚು, ಮಕ್ಕಳ ಸ್ವೆಟರು. ಜೆಸಿಬಿ ಸದ್ದು ಕೇಳಿದರೆ ಮೈಯೆಲ್ಲ ಬೆವರುತ್ತದೆ. ಮೊದಲು ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್) ಮಳೆಯಲ್ಲೇ ಹೋಗಿ ಮದ್ದುಸೊಪ್ಪು ಕೊಯ್ದು ತರುತ್ತಿದ್ದರು. ಈಗ ಮಳೆ ಬಿದ್ದರೆ ಜಗುಲಿ ಇಳಿಯುವುದಿಲ್ಲ. ಆ ದಿನದ ಮಾತೆತ್ತಿದರೆ ಎದ್ದು ಹೋಗುತ್ತಾರೆ. ತಾಯಿತ ಕಟ್ಟಿಸಿದೆವು, ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಟ್ಟೆವು. ನನ್ನ ಗಂಡ, "ನಾವೆಲ್ಲ ಸರಿಹೋಗಲಿಲ್ವಾ, ಅಮ್ಮ ಸುಮ್ನೆ ಹಟ ಮಾಡ್ತಾರೆ" ಅಂತಾರೆ. ಅದನ್ನು ಮರೆಸುವ ಔಷಧಿ ಇದೆಯಾ? ಮಳೆಗಾಲಕ್ಕೆ ಅವರನ್ನು ಮೈಸೂರಿನ ಮಗಳ ಮನೆಗೆ ಕಳಿಸಿಬಿಡಲಾ? (ಹೆಸರು ಬೇಡ)

ಸಂಪಾದಕರ ಉತ್ತರ:

ನಮಸ್ಕಾರ. ಪತ್ರ ಓದಿ ಕಾಯಿಲೆ ಇಂಥದ್ದೇ ಎಂದು ಹೇಳಲು ನಾನು ವೈದ್ಯನಲ್ಲ. ಆದರೆ ನೀವು ಬರೆದ ಒಂದೊಂದು ಸಾಲೂ ಪಿಟಿಎಸ್‌ಡಿ ಕಡೆಗೇ ಕೈ ತೋರಿಸುತ್ತಿದೆ. ಪೂರ್ತಿ ಹೆಸರು ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್. ಜೀವಕ್ಕೇ ಕುತ್ತು ತಂದ ಘಟನೆ ಮುಗಿದು ಎಷ್ಟೋ ಕಾಲವಾದರೂ ಅದರ ಭಯ ಮೈಯನ್ನು ಬಿಡದಿರುವ ಕಾಯಿಲೆ. ಇದು ಯುದ್ಧದಿಂದ ಮರಳಿದ ಸೈನಿಕರಿಗೆ ಬರುವಂಥದ್ದು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಅಪಘಾತ, ಅತ್ಯಾಚಾರ, ಹೊಡೆತ ಬಡಿತ, ಪ್ರವಾಹ, ಇವುಗಳಲ್ಲಿ ಯಾವುದನ್ನು ಕಂಡವರಿಗೂ ಬರಬಹುದು.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಎಲ್ಲರೂ ಅದನ್ನೇ ಕಂಡೆವು, ಅಮ್ಮನಿಗೆ ಮಾತ್ರ ಯಾಕೆ ಹೀಗೆ ಎಂದು ಅವರಿಗೆ ಅನ್ನಿಸುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಇಂಥ ಆಘಾತ ಕಂಡವರಲ್ಲಿ ಶೇ 5.6ರಷ್ಟು ಜನರಿಗೆ ಮಾತ್ರ ಪಿಟಿಎಸ್‌ಡಿ ಬರುತ್ತದೆ. ಹಾಗೆ ಬಂದವರಲ್ಲೂ ಶೇ 40ರವರೆಗೆ ಜನ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಉಳಿದವರಿಗೆ ಅದು ವರ್ಷಗಟ್ಟಲೆ ಎಳೆಯುತ್ತದೆ. ಮನೋಬಲ ಕಡಿಮೆ ಎಂದು ಹೀಗಾಗುವುದಲ್ಲ. ಅಂದು ಯಾರು ಏನನ್ನು ಕಣ್ಣಾರೆ ಕಂಡರು, ಹಿಂದೆ ಯಾವ ಪೆಟ್ಟು ತಿಂದಿದ್ದರು, ಆಮೇಲೆ ಯಾರು ಆಸರೆಯಾದರು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕಳ್ಳನನ್ನು ಒಮ್ಮೆ ಕಂಡ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಅತ್ತೆಯ ಮೆದುಳೂ ಹಾಗೇ ಆಗಿದೆ. ತಗಡಿನ ಮೇಲೆ ಮಳೆ ಬಿದ್ದ ಸದ್ದು ಸಾಕು, ಯೋಚನೆ ಮಾಡುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಓಡಲು ಸಿದ್ಧವಾಗುತ್ತದೆ. ಇದು ಹಟವೇ ಆಗಿದ್ದರೆ ಬೇಕೆಂದಾಗ ಬಿಡಬಹುದಿತ್ತು. ಜೆಸಿಬಿ ಸದ್ದಿಗೆ ಬೆವರಬೇಕು ಎಂದು ಯಾರೂ ಬೆವರುವುದಿಲ್ಲ, ಅಲ್ವಾ?

ಮರೆಸುವ ಔಷಧಿ ಇಲ್ಲ. ಮರೆಯುವುದು ಚಿಕಿತ್ಸೆಯ ಗುರಿಯೂ ಅಲ್ಲ. ಅದು ನೆನಪಾದಾಗ ಮತ್ತೆ ಅಲ್ಲೇ ನಿಂತಂತೆ ಆಗದೆ, ಆಗಿಹೋದದ್ದು ಎಂದು ಅನ್ನಿಸಬೇಕು. ಇದಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯ. ತರಬೇತಿ ಪಡೆದ ಮನಃಶಾಸ್ತ್ರಜ್ಞರು ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 8ರಿಂದ 16 ಸಲ ಕೂರಿಸಿಕೊಂಡು ಮಾಡುತ್ತಾರೆ. ಆ ದಿನದ ಕತೆಯನ್ನು ರೋಗಿಯೇ ತನ್ನ ವೇಗದಲ್ಲಿ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ ಅದರ ಬಿಸಿ ಇಳಿಯುತ್ತದೆ. ಇದರ ಜೊತೆಗೆ, ಬಿಟ್ಟುಬಿಟ್ಟ ಕೆಲಸಗಳಿಗೆ ಒಂದೊಂದೇ ಹೆಜ್ಜೆ ಇಟ್ಟು ಮರಳುವುದು. ಜಡಿಮಳೆಗೆ ಕಳಿಸುವುದಲ್ಲ. ತುಂತುರು ಮಳೆಯಲ್ಲಿ ನಿಮ್ಮ ಜೊತೆ ಜಗುಲಿಯಲ್ಲಿ ನಿಲ್ಲುವುದು, ಇನ್ನೊಂದು ದಿನ ಅಂಗಳ, ಮತ್ತೊಂದು ದಿನ ಬೇಲಿಯವರೆಗೆ. ಭಯ ಏರಿ ತಾನಾಗಿ ಇಳಿಯುವ ತನಕ ಅಲ್ಲೇ ನಿಲ್ಲಬೇಕು. ಕಕ್ಕಡದ ಹದಿನೆಂಟನೇ ದಿನ ಮದ್ದುಸೊಪ್ಪು ಕೊಯ್ಯಲು ಹೋಗುವುದನ್ನೂ ಈ ಹೆಜ್ಜೆಗಳಲ್ಲಿ ಒಂದಾಗಿ ಇಟ್ಟುಕೊಳ್ಳಬಹುದು ಎಂದು ವೈದ್ಯರಿಗೆ ಹೇಳಿ. ಅತ್ತೆಗೆ ಇಷ್ಟವಾಗಿದ್ದ ಕೆಲಸ ಅದು.

ನಿಮ್ಮ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಸಾಲು ನನ್ನನ್ನು ಜಾಸ್ತಿ ಕಾಡಿತು. ಪಕ್ಕದ ಮನೆಯ ಅಕ್ಕ ಕೂಗಿದ್ದು ಕೇಳಿಸಿತ್ತು, ನಾನು ತಿರುಗಿ ನೋಡಲಿಲ್ಲ ಎಂದು ಅತ್ತೆ ಒಮ್ಮೆ ಅಂದಿದ್ದರಂತೆ. ನಿದ್ದೆ ಕೆಡಿಸುತ್ತಿರುವುದು ಮಳೆಯೊಂದೇ ಅಲ್ಲ, ಈ ತಪ್ಪಿತಸ್ಥ ಭಾವವೂ ಇರಬಹುದು. "ನಿಮ್ಮದೇನೂ ತಪ್ಪಿಲ್ಲ ಬಿಡಿ" ಎಂದರೆ ಅದು ಹೋಗುವುದಿಲ್ಲ. ಆ ಕ್ಷಣದಲ್ಲಿ ಎಷ್ಟು ಹೊತ್ತಿತ್ತು, ಕಂಕುಳಲ್ಲಿ ಯಾರಿದ್ದರು, ಹಿಂದೆ ಹೋಗಿದ್ದರೆ ಮೊಮ್ಮಕ್ಕಳ ಗತಿ ಏನಾಗುತ್ತಿತ್ತು, ಇದನ್ನೆಲ್ಲ ಅವರೇ ಬಿಡಿಸಿ ನೋಡಬೇಕು. ಚಿಕಿತ್ಸೆಯ ದೊಡ್ಡ ಪಾಲು ಇದೇ. ಮನೆಯಲ್ಲಿ ನೀವು ಕೆದಕಿ ಕೇಳಬೇಡಿ. ಅವರಾಗಿ ಬಾಯಿ ಬಿಟ್ಟರೆ ಮಾತು ಬದಲಿಸಲೂಬೇಡಿ. ಪಕ್ಕದಲ್ಲಿ ಕೂತು ಕೇಳಿ.

ಮಾತ್ರೆಯ ವಿಷಯ. ವೈದ್ಯರು ಬರೆದುಕೊಡುವ ಸರ್ಟ್ರಲೀನ್‌ನಂಥ ಖಿನ್ನತೆ ನಿವಾರಕ ಮಾತ್ರೆಗಳು ಕೆಲವರಿಗೆ ಒಳ್ಳೆಯ ನೆರವಾಗುತ್ತವೆ. ಗುಣ ಕಾಣಲು ಕೆಲವು ವಾರ ಬೇಕು. ಅಂಗಡಿಯಿಂದ ತಂದ ನಿದ್ದೆ ಮಾತ್ರೆ ಮಾತ್ರ ದಾರಿಯಲ್ಲ. ಆ ಗುಂಪಿನ ಬಹಳಷ್ಟು ಮಾತ್ರೆಗಳು ಅಭ್ಯಾಸವಾಗಿಬಿಡುತ್ತವೆ, ಪಿಟಿಎಸ್‌ಡಿಯನ್ನು ವಾಸಿ ಮಾಡುವುದೂ ಇಲ್ಲ. ದಿನಾ ಕೊಡುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಮಾತ್ರೆಯ ಸ್ಟ್ರಿಪ್ ಸಮೇತ ವೈದ್ಯರಿಗೆ ತೋರಿಸಿ. ತಾಯಿತ ಕೈಯಲ್ಲಿದ್ದರೆ ಇರಲಿ, ಅದರಿಂದ ತೊಂದರೆಯಿಲ್ಲ.

ಮೈಸೂರಿಗೆ ಕಳಿಸಲಾ ಎಂದು ಕೇಳಿದ್ದೀರಿ. ಹತ್ತು ದಿನ ಮಗಳ ಮನೆಯಲ್ಲಿದ್ದು ಬರಲಿ, ಒಳ್ಳೆಯದೇ. ಪ್ರತಿವರ್ಷ ಜೂನ್ ಬಂತೆಂದರೆ ಹೊರಡುವಂತಾದರೆ ಮಾತ್ರ ಭಯ ಬಲಿಯುತ್ತದೆ. ತಪ್ಪಿಸಿಕೊಂಡಷ್ಟೂ ಇದು ಬೆಳೆಯುತ್ತದೆ. ಹಾಗೆಂದು "ಏನೂ ಆಗಲ್ಲ" ಎಂಬ ಸುಳ್ಳು ಧೈರ್ಯ ತುಂಬಬೇಡಿ. ಕೊಡಗಿನಲ್ಲೇ 2019ರಲ್ಲಿ ತೋರ ಗ್ರಾಮದ ಗುಡ್ಡ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ಅವರೂ ಬಲ್ಲರು. ಅವರ ಎಚ್ಚರಕ್ಕೆ ಕಾರಣವಿದೆ, ಆ ಎಚ್ಚರಕ್ಕೊಂದು ಮಿತಿ ಬೇಕು ಅಷ್ಟೇ. ಬ್ಯಾಗು ಇರಲಿ, ಕಾಲ ಬಳಿಯ ಬದಲು ಕಪಾಟಿನಲ್ಲಿ. ಜಿಲ್ಲಾಡಳಿತದ ಮುನ್ಸೂಚನೆಯನ್ನು ದಿನಕ್ಕೆ ಒಮ್ಮೆ ನಿಮ್ಮ ಯಜಮಾನರೇ ನೋಡಿ ಹೇಳಲಿ. ರೆಡ್ ಅಲರ್ಟ್ ಇದ್ದರೆ ಎಲ್ಲರೂ ಎಲ್ಲಿಗೆ ಹೊರಡುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಟಿವಿಯಲ್ಲಿ ಕುಸಿತದ ದೃಶ್ಯ ಮತ್ತೆ ಮತ್ತೆ ಹಾಕುತ್ತಿದ್ದರೆ ಆರಿಸಿಬಿಡಿ. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿತದ ಸುದ್ದಿ ಬಂದಾಗ ಅವರು ಊಟ ಬಿಟ್ಟಿದ್ದರು ಎಂದು ನೀವೇ ಬರೆದಿದ್ದೀರಿ.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೆಚ್ಚಿನ ನೆರವು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೋಗಲು ಅತ್ತೆ ಒಪ್ಪದಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವೇ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. "ತಲೆ ಕೆಟ್ಟಿದೆ ಅಂತ ಕರ್ಕೊಂಡು ಹೋಗ್ತಾರೆ" ಎಂದು ಅವರಿಗೆ ಅನ್ನಿಸದಿರಲಿ. "ನಿದ್ದೆ ಸರಿಹೋಗಲಿ ಅತ್ತೆ, ಒಮ್ಮೆ ತೋರಿಸಿಕೊಂಡು ಬರೋಣ" ಎನ್ನಿ. ಸಾಯುವ ಮಾತಾಡಿದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಈಗ ಫೆಬ್ರವರಿ. ಚಿಕಿತ್ಸೆ ಶುರು ಮಾಡಲು ಇದೇ ಸರಿಯಾದ ಕಾಲ, ಮಳೆಗೆ ಮುಂಚೆ ಕೆಲವು ಹೆಜ್ಜೆಗಳಾದರೂ ಆಗಿರುತ್ತವೆ. ಮೊದಲ ಸಲ ನಿಮ್ಮ ಯಜಮಾನರೂ ಜೊತೆಗೆ ಹೋಗಲಿ. ಇದು ಹಟವಲ್ಲ ಎಂಬುದನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ.