ಹಿತ್ತಲಲ್ಲಿ ತಾನಾಗೇ ಹುಟ್ಟಿದ ಸೂಜಿಮೆಣಸು

ಪ್ರಶ್ನೆ: ಹಿತ್ತಲ ಮರದಡಿ ಸೂಜಿಮೆಣಸಿನ ಗಿಡವೊಂದು ತಾನಾಗೇ ಹುಟ್ಟಿ ಕಾಯಿ ಬಿಡ್ತಿದೆ. ಕಿತ್ತು ಬಿಸಿಲಲ್ಲಿ ನೆಡಲೇ? ಅದರ ಬೀಜ ಹಾಕಿದರೆ ಮೊಳಕೆ ಬರುತ್ತಿಲ್ಲ. ಕೊಯ್ಯುವಾಗ ಹಣ್ಣು ಜಜ್ಜಿಹೋಗಿ ಕೈಯೆಲ್ಲ ಉರಿ.

ಉತ್ತರ: ದಯವಿಟ್ಟು ಕೀಳಬೇಡಿ! ಇಂಥ ಕಾಡುಜಾತಿಯ ಮೆಣಸಿನಗಿಡಕ್ಕೆ ಮರದಡಿಯೇ ಇಷ್ಟದ ಜಾಗ. ಎಲೆಗಳ ನಡುವೆ ಇಳಿಯುವ ಅರೆಬಿಸಿಲು ಅದಕ್ಕೆ ಸಾಕು. ಸುಡುಬಿಸಿಲಿಗೆ ತಂದರೆ ಹೂ ಉದುರೋದು ಜಾಸ್ತಿ. ಅಲ್ಲಿ ಅದನ್ನು ಬಿತ್ತಿದ್ದು ಬಹುಶಃ ಯಾವುದೋ ಹಕ್ಕಿ. ಮೆಣಸಿಗೆ ಖಾರ ಕೊಟ್ಟು ನಮ್ಮ ನಾಲಿಗೆ ಸುಡುವ ಕ್ಯಾಪ್ಸೈಸಿನ್ ಎಂಬ ಅಂಶ ಹಕ್ಕಿಗಳಿಗೆ ಖಾರ ಅಂತ ಅನಿಸುವುದೇ ಇಲ್ಲ. ಇಲಿಯ ಹಾಗೆ ಅವು ಬೀಜವನ್ನು ಅಗಿಯುವುದೂ ಇಲ್ಲ. ಹಣ್ಣು ನುಂಗಿ, ಕೊಂಬೆ ಮೇಲೆ ಕೂತು ಹಿಕ್ಕೆ ಹಾಕಿದರೆ ಬೀಜ ನೆರಳಿಗೇ ಬೀಳುತ್ತೆ. ಅದಕ್ಕೇ ನಾನು ಮೇಲಿನ ಒಂದೆರಡು ಕೊಂಬೆಯ ಹಣ್ಣು ಮುಟ್ಟಲ್ಲ. ಅದು ಹಕ್ಕಿಗಳ ಪಾಲು.

ಬೀಜದ ವಿಷಯದಲ್ಲಿ ತಾಳ್ಮೆ ಬೇಕು. ಪೂರ್ತಿ ಕೆಂಪಾದ ಹಣ್ಣಿನ ಬೀಜವನ್ನೇ ತೆಗೆದು, ನೆರಳಲ್ಲಿ ಆರಿಸಿ, ಮಣ್ಣಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿರಲಿ, ತೇವ ಆರದಿರಲಿ. ಊರಲ್ಲೆಲ್ಲ ಬೆಳೆಯೋ ಮೆಣಸು ಬೇಗ ಮೊಳೆಯುತ್ತೆ. ಇದು ಹಾಗಲ್ಲ, ತಿಂಗಳು ದಾಟಿದರೂ ಆಶ್ಚರ್ಯವಿಲ್ಲ. ನಡುವೆ ಕೆದಕಿ ನೋಡಬೇಡಿ.

ಇನ್ನು ಕೊಯ್ಲು. ಕೆಂಪಾದ ಒಂದು ಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಗಿಸಿ ನೋಡಿ. ತೊಟ್ಟು ಗಿಡದಲ್ಲೇ ಉಳಿಯುತ್ತೆ, ಹಣ್ಣು ಮಾತ್ರ ಕೈಗೆ ಬರುತ್ತೆ. ಅದರ ಬುಡದಲ್ಲಿ ಸಣ್ಣ ತೂತು, ಅಲ್ಲಿಂದ ರಸ ಒಸರುತ್ತೆ. ಇದು ಕಾಡುಜಾತಿಯ ಗುಣ. ಹಕ್ಕಿ ಕೊಕ್ಕಿಗೆ ಸುಲಭವಾಗಲಿ ಅಂತ ಹಣ್ಣು ತೊಟ್ಟು ಬಿಡುತ್ತೆ. ಮನುಷ್ಯ ಸಾಕಿ ಬೆಳೆಸಿದ ಹೆಚ್ಚಿನ ಮೆಣಸುಗಳಲ್ಲಿ ಈ ಗುಣ ಹೋಗಿಬಿಟ್ಟಿದೆ. ಪೂರ್ತಿ ಮಾಗುವವರೆಗೆ ಕಾದರೆ ಹಣ್ಣು ಮೆತ್ತಗಾಗಿ ಜಜ್ಜಿಹೋಗುತ್ತೆ, ನಿಮಗೆ ಆಗಿರುವುದೂ ಅದೇ. ಒಣಗಿಸಿಡೋದಾದರೆ ಬಣ್ಣ ತಿರುಗಿದ ಕೂಡಲೇ, ಹಣ್ಣು ಇನ್ನೂ ಗಟ್ಟಿ ಇರುವಾಗ, ಸಣ್ಣ ಕತ್ತರಿಯಲ್ಲಿ ತೊಟ್ಟು ಸಮೇತ ಕತ್ತರಿಸಿ. ಒಂದರ ಮೇಲೊಂದು ಬೀಳದಂತೆ ಹರಡಿ. ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಅಂದರೆ ಡಬ್ಬಿಗೆ ತುಂಬಬಹುದು. ಬೀಜಕ್ಕಾಗಿ ಮಾತ್ರ ಕೆಲವು ಹಣ್ಣು ಗಿಡದಲ್ಲೇ ಪೂರ್ತಿ ಮಾಗಲಿ.

ಕೈ ಉರಿಗೆ ಬರೀ ನೀರು ಹಾಕಿ ಪ್ರಯೋಜನವಿಲ್ಲ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕೊಯ್ಯುವ ಹೊತ್ತಲ್ಲಿ ಕೈಗವಸು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಕಣ್ಣಿನ ಹತ್ತಿರ ಮಾತ್ರ ಕೈ ಒಯ್ಯಲೇಬೇಡಿ.

ಪ್ರಶ್ನೆ: ಮೆಣಸಿನ ಚಿಗುರೆಲೆ ಮುದುಡುತ್ತಿದೆ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರ ಸುರಿಯಬೇಡಿ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ ಬಂದು ಕಾಯಿ ಕಡಿಮೆಯಾಗುತ್ತೆ ಅಷ್ಟೆ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟದ ಕಾಟ, ಕೆಳಕ್ಕೆ ಮಡಚಿದ್ದರೆ ನುಸಿ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಚೂರು ಸೋಪಿನ ದ್ರಾವಣ. ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ.