ವಿಮಾನ ಹತ್ತುವ ಮೊದಲು ಆ ಹಳೇ ಫೈಲ್ ಹುಡುಕಿಸು

ತಂಗೀ,

ಟೊರೊಂಟೊಗೆ ಬರೋ ಮೊದಲು ಇಲ್ಲಿನ ಚಳಿ, ಬಾಡಿಗೆ, ಕೆಲಸ ಎಲ್ಲ ಕೇಳಿ, ಕೊನೆಗೆ ಒಂದೇ ಸಾಲು ಬರೆದಿದ್ದೀಯ: ಚಿಕ್ಕವಳಿದ್ದಾಗ ಬೆಂಗಳೂರಲ್ಲಿ ಹೃದಯದ ಆಪರೇಷನ್ ಆಗಿದೆ, ಹುಟ್ಟಿನಿಂದಲೇ ಬರೋ ಹೃದಯದ ದೋಷ, ಟೆಟ್ರಾಲಜಿ ಆಫ್ ಫಾಲೋ ಅಂದಿದ್ದರು, ಅಲ್ಲಿ ಮಗು ಮಾಡಿಕೊಳ್ಳಬಹುದಾ ಅಕ್ಕ, ಇಲ್ಲಾ ಹೆರಿಗೆಗೆ ಹಾಸನಕ್ಕೇ ಬರಬೇಕಾ? ಜಾಕೆಟ್ ಇಲ್ಲೇ ಕೊಳ್ಳು, ಬಾಡಿಗೆ ದುಬಾರಿ, ಮೊದಲ ವರ್ಷ ಕಷ್ಟ. ಅಷ್ಟು ಸಾಕು. ನನಗೆ ಉತ್ತರ ಬರೆಯಬೇಕು ಅನ್ನಿಸಿದ್ದು ಆ ಕೊನೆಯ ಸಾಲಿಗೆ.

ಹೃದಯದ ಆಪರೇಷನ್ ಆದವಳಿಗೆ ಬಸಿರೇ ಬೇಡ ಅನ್ನೋರು ನಮ್ಮ ಕಡೆ ಇದ್ದಾರೆ. ಆಪರೇಷನ್ ಆಯ್ತಲ್ಲ, ಇನ್ನೇನು ಅನ್ನೋರೂ ಇದ್ದಾರೆ. ಇಬ್ಬರ ಮಾತೂ ಕೇಳಬೇಡ. ಬಸಿರಿನಲ್ಲಿ ಮೈಯ ರಕ್ತ ಶೇ. 30ರಿಂದ 50ರಷ್ಟು ಹೆಚ್ಚುತ್ತದೆ, ಅಷ್ಟನ್ನೂ ಹೃದಯವೇ ತಳ್ಳಬೇಕು. ನಿನ್ನಂಥ ಆಪರೇಷನ್ ಆದವರಲ್ಲಿ ಶ್ವಾಸಕೋಶಕ್ಕೆ ಹೋಗುವ ಕವಾಟ ವರ್ಷಗಟ್ಟಲೆ ಸೋರುತ್ತಿದ್ದರೂ ಗೊತ್ತಾಗದೇ ಇರಬಹುದು. ಓಡಾಡಿಕೊಂಡು ಚೆನ್ನಾಗಿದ್ದೀನಿ ಅನ್ನೋದೊಂದೇ ಸಾಲದು, ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ನೋಡಬೇಕು.

ಸಮಾಧಾನದ ವಿಷಯ ಏನೆಂದರೆ, ಅಪಾಯ ಎಷ್ಟು ಅನ್ನೋದನ್ನು ಮೊದಲೇ ಅಂದಾಜು ಮಾಡಬಹುದು. ಇದೇ ಟೊರೊಂಟೊ ಮತ್ತು ವ್ಯಾಂಕೂವರಿನ ವೈದ್ಯರು ಹೃದಯದ ಕಾಯಿಲೆ ಇದ್ದ ಹೆಂಗಸರ 1,938 ಬಸಿರುಗಳನ್ನು ನೋಡಿ, 2018ರಲ್ಲಿ ಕಾರ್ಪ್ರೆಗ್-2 ಅನ್ನೋ ಅಂಕಪಟ್ಟಿ ಪ್ರಕಟಿಸಿದರು. ಅವುಗಳಲ್ಲಿ ಶೇ. 16ರಷ್ಟರಲ್ಲಿ ಹೃದಯದ ತೊಂದರೆ ಕಾಣಿಸಿತ್ತು. ಹಿಂದೆ ಹಾರ್ಟ್ ಫೇಲ್ಯೂರ್ ಆಗಿದ್ದರೆ ಅಥವಾ ಬಡಿತ ತಪ್ಪಿದ್ದರೆ 3 ಅಂಕ, ಹೃದಯಕ್ಕೆ ಲೋಹದ ಕವಾಟ ಹಾಕಿದ್ದರೆ 3, ರಕ್ತ ತಳ್ಳುವ ಹೃದಯದ ಕೋಣೆಯ ಶಕ್ತಿ ಕುಗ್ಗಿದ್ದರೆ 2, ಹೀಗೆ ಹತ್ತು ಅಂಶ. ಒಟ್ಟು 0–1 ಬಂದರೆ ತೊಂದರೆಯ ಸಂಭವ ಶೇ. 5, 4 ದಾಟಿದರೆ ಶೇ. 41. ಹತ್ತರಲ್ಲಿ ಒಂದನ್ನು ಓದಿ ನಾನು ಬೆಚ್ಚಿದೆ: ಬಸುರಿ 20 ವಾರ ಕಳೆದ ಮೇಲೆ ಮೊದಲ ಸಲ ತೋರಿಸಿಕೊಂಡರೆ ಅದಕ್ಕೇ ಒಂದು ಅಂಕ! ತಡವೂ ಒಂದು ಅಪಾಯ ಅಂತ ಲೆಕ್ಕದಲ್ಲೇ ಇದೆ. ಮೂರು ತಿಂಗಳು ತುಂಬೋವರೆಗೆ ಊರಿಗೆ ಹೇಳಬೇಡ, ಸರಿ. ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡ. ನಿನಗಂತೂ ಬಸಿರಿಗೆ ಮೊದಲೇ ಹೋಗೋದು ಒಳ್ಳೇದು. ಎನಲಾಪ್ರಿಲ್ ಥರದ ಬಿಪಿ, ಹೃದಯದ ಮಾತ್ರೆ ತಗೊಳ್ತಿದ್ದರೆ ಬದಲಿಸಬೇಕಾಗುತ್ತದೆ, ಅದಕ್ಕೂ ಟೈಮ್ ಬೇಕು.

ಇಲ್ಲಿ ಊರಿನ ಹಾಗೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿಕೊಂಡು ನೇರ ದೊಡ್ಡ ಡಾಕ್ಟರ ಹತ್ತಿರ ಹೋಗೋಕಾಗಲ್ಲ. ಮೊದಲು ಒಹಿಪ್ ಕಾರ್ಡ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್), ಆಮೇಲೆ ಫ್ಯಾಮಿಲಿ ಡಾಕ್ಟರ್, ಅವರು ಬರೆದುಕೊಟ್ಟರೆ ಹೃದಯದ ಡಾಕ್ಟರ್. ಫ್ಯಾಮಿಲಿ ಡಾಕ್ಟರ್ ಸಿಗೋಕೇ ತಡವಾಗುತ್ತದೆ. ಸಿಗದಿದ್ದರೆ ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವ ವಾಕ್-ಇನ್ ಕ್ಲಿನಿಕ್ಕಿಗೆ ಹೋಗಿ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ಆಪರೇಷನ್ ಆಗಿದೆ, ಮಗು ಬೇಕು ಅಂತ ಮೂರೂ ಮಾತು ಹೇಳಿ ರೆಫರಲ್ ಕೇಳು. ಆಗ ಅವರು ಮೊದಲು ಕೇಳೋದೇ ಹಳೇ ಕಾಗದ. ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ, ಎಕೋ ರಿಪೋರ್ಟ್ ಎಲ್ಲ ಅಪ್ಪನ ಬೀರುವಿನಲ್ಲಿ ಹುಡುಕಿಸು, ಫೋಟೊ ತೆಗೆದು ಫೋನಿನಲ್ಲೂ ಇಟ್ಟುಕೋ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಸೀಮಂತ ಮುಗಿಸಿ ಹೊರಡೋ ಏಳನೇ ತಿಂಗಳಿನ ಹೊತ್ತಿಗೇ ಹೃದಯದ ಮೇಲೆ ಹೊರೆ ತುಂಬ ಏರಿರುತ್ತದೆ. ನಿನ್ನನ್ನು ಮೊದಲಿಂದ ನೋಡಿದ ಡಾಕ್ಟರನ್ನು ಆಗ ಬಿಟ್ಟು ಬರಬೇಡ. ಊರೇ ಬೇಕೆಂದರೆ ಬಸಿರಿನ ಮೊದಲಿಂದಲೂ ಬೆಂಗಳೂರಲ್ಲಿ ಹೃದಯ, ಹೆರಿಗೆ ಎರಡನ್ನೂ ಒಟ್ಟಿಗೆ ನೋಡುವ ಆಸ್ಪತ್ರೆಯಲ್ಲೇ ತೋರಿಸು. ಇಲ್ಲೇ ಇರೋದಾದರೆ ಅಮ್ಮನ ವಿಸಿಟರ್ ವೀಸಾಕ್ಕೆ ಬೇಗ ಅರ್ಜಿ ಹಾಕಿಸು. ಹೆತ್ತ ಮೇಲಿನ ವಾರಗಳಲ್ಲೂ ಹೃದಯದ ಮೇಲೆ ಕಣ್ಣಿಟ್ಟಿರಬೇಕು, ಆಗ ಮನೇಲಿ ಒಬ್ಬರು ಬೇಕೇ ಬೇಕು.